ಪುಣ್ಯದ ಕೆಲಸಕ್ಕೆ ಹುದ್ದೆಯೂ ಬೇಕು

ಸಾಮಾನ್ಯ ಪ್ರಾಥಮಿಕ ಶಾಲೆಗಳಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಕಲಿಸುವ ಶಿಕ್ಷಕರಿಗೆ ಮಕ್ಕಳಿಂದ ಸಿಗುವ ಸಂತೋಷ ದೊಡ್ಡದು. ಆ ಸಂತೋಷವನ್ನೇ ಮುಂದೊಡ್ಡಿ ಹುದ್ದೆ, ಜಾಗ, ಸಮಯದ ಮಾತನ್ನು ಮರೆಸುವ ನಮ್ಮ ರೂಢಿಯನ್ನು ಈಗ ಪ್ರಶ್ನಿಸಬೇಕಿದೆ.

ಪ್ರಾಥಮಿಕ ಶಾಲೆಯ ಯಾವ ಟೀಚರನ್ನಾದರೂ ‘ನಿಮ್ಮದು ಎಷ್ಟನೇ ಕ್ಲಾಸು?’ ಎಂದು ಕೇಳಿ, ಥಟ್ಟನೆ ಉತ್ತರ ಬರುತ್ತದೆ. ನಲಿ-ಕಲಿ, ಐದನೆಯದು, ಇಲ್ಲವೇ ‘ಏಕೋಪಾಧ್ಯಾಯ ಶಾಲೆ, ಎಲ್ಲ ನಂದೇ’. ಈ ಪ್ರಶ್ನೆಗೆ ತಡವರಿಸುವ ಶಿಕ್ಷಕರೂ ಇದ್ದಾರೆ. ಅವರ ಹೆಸರು ಯಾವ ಶಾಲೆಯ ವೇಳಾಪಟ್ಟಿಯಲ್ಲೂ ಕಾಣದು, ಅವರ ಮಕ್ಕಳು ಮಾತ್ರ ತಾಲ್ಲೂಕಿನ ಉದ್ದಗಲಕ್ಕೂ ಹರಡಿಕೊಂಡಿದ್ದಾರೆ. ಇಲಾಖೆಯಲ್ಲಿ ಅವರನ್ನು ‘ಬಿಐಇಆರ್‌ಟಿ’ ಎಂದು ಕರೆಯುತ್ತಾರೆ. ಎಂದರೆ ತಾಲ್ಲೂಕು ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು. ಕ್ಷೇತ್ರ ಸಂಪನ್ಮೂಲ ಕೇಂದ್ರ, ಬಾಯಿಮಾತಿನಲ್ಲಿ ಬಿಆರ್‌ಸಿ, ಅವರ ನೆಲೆ.

ಅವರ ಒಂದು ದಿನ ಸಾಮಾನ್ಯವಾಗಿ ಹೀಗಿರುತ್ತದೆ. ಬೆಳಿಗ್ಗೆ ಬಸ್ಸಿಳಿದು ಹೋದ ಮೊದಲ ಶಾಲೆಯಲ್ಲಿ ಎರಡನೇ ತರಗತಿಯ ಹುಡುಗಿಯ ಶ್ರವಣಯಂತ್ರದ ಬ್ಯಾಟರಿ ಮುಗಿದಿರುತ್ತದೆ. ಹೊಸದು ಹಾಕುವವರೆಗೆ ಪಾಠವೆಲ್ಲ ಅವಳ ಪಾಲಿಗೆ ಬರೀ ತುಟಿಯಾಟ. ಎರಡನೇ ಶಾಲೆಯಲ್ಲಿ ಮಂದದೃಷ್ಟಿಯ ಹುಡುಗನನ್ನು ಯಾರೋ ಮತ್ತೆ ಹಿಂದಿನ ಸಾಲಿಗೆ ಕೂರಿಸಿರುತ್ತಾರೆ. ಬಿಸಿಯೂಟದ ಹೊತ್ತು ಕಳೆದ ಮೇಲೆ, ಶಾಲೆಗೆ ಬರಲಾಗದ ಸೆರೆಬ್ರಲ್ ಪಾಲ್ಸಿ ಮಗುವಿನ ಮನೆ. ಅಲ್ಲಿ ಅಕ್ಷರಕ್ಕಿಂತ ಮೊದಲು, ಮಗುವನ್ನು ವಾಲದಂತೆ ಕೂರಿಸುವುದು ಹೇಗೆ, ನೆತ್ತಿಗೇರದಂತೆ ಉಣಿಸುವುದು ಹೇಗೆ ಎಂದು ತಾಯಿಗೆ ತೋರಿಸಬೇಕು. ಸಂಜೆ ಬಿಆರ್‌ಸಿಗೆ ಮರಳಿದರೆ ವೈದ್ಯಕೀಯ ಮೌಲ್ಯಾಂಕನ ಶಿಬಿರದ ಪಟ್ಟಿ, ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡಿನ ಅರ್ಜಿಗಳು, ಸ್ಯಾಟ್ಸ್ ತಂತ್ರಾಂಶದ ನಮೂದುಗಳು, ‘ಇಂದೇ ಕಳಿಸಿ’ ಎನ್ನುವ ವಾಟ್ಸ್‌ಆ್ಯಪ್ ಸಂದೇಶಗಳು ಕಾದಿರುತ್ತವೆ.

ಇಂಥವರಿಗೆ ಕೆಲಸ ತೃಪ್ತಿ ಕೊಡುತ್ತಿದೆಯೇ? ಮಕ್ಕಳ ಬಗ್ಗೆ ಕೇಳಿದರೆ ಮಾತು ನಿಲ್ಲುವುದಿಲ್ಲ. ನೌಕರಿಯ ಬಗ್ಗೆ ಕೇಳಿದರೆ ಮಾತು ಹೊರಡುವುದಿಲ್ಲ. ಎರಡೂ ಸತ್ಯ. ಒಂದೇ ಮನುಷ್ಯನಲ್ಲಿ ಇವೆರಡೂ ಹೇಗೆ ಒಟ್ಟಿಗಿರಲು ಸಾಧ್ಯ ಎಂಬುದನ್ನು ಅರ್ಥ ಮಾಡಿಕೊಂಡರೆ ಈ ಸಮಸ್ಯೆಯ ಅರ್ಧ ಗಂಟು ಬಿಚ್ಚಿದಂತೆ.

ಎರಡು ಬೇರೆ ಬೇರೆ ಖಾತೆ

ಕೆಲಸದ ತೃಪ್ತಿಯನ್ನು ಅಳೆಯುವ ಪ್ರಯತ್ನಕ್ಕೆ ಹೆಚ್ಚುಕಡಿಮೆ ಒಂದು ಶತಮಾನವಾಗುತ್ತ ಬಂತು. ಅಮೆರಿಕದ ರಾಬರ್ಟ್ ಹೊಪಾಕ್ 1935ರಲ್ಲಿ ಈ ವಿಷಯದ ಮೇಲೆಯೇ ಪುಸ್ತಕ ಬರೆದಾಗ, ಆತ ಅಧ್ಯಯನ ಮಾಡಿದವರಲ್ಲಿ ಶಾಲಾ ಶಿಕ್ಷಕರೂ ಇದ್ದರು. ಆದರೆ ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರ ಬರುವವರು ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್. ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಅವರ ತಂಡ ಮಾತಾಡಿಸಿ, 1959ರಲ್ಲಿ ಒಂದು ವಿಚಾರವನ್ನು ಮುಂದಿಟ್ಟಿತು. ಖುಷಿ ಕೊಡುವ ಸಂಗತಿಗಳೇ ಬೇರೆ, ಬೇಸರ ತರುವ ಸಂಗತಿಗಳೇ ಬೇರೆ ಎಂಬುದು ಅದರ ಸಾರ. ಸಾಧನೆ, ಮೆಚ್ಚುಗೆ, ಕೆಲಸದ ಸ್ವಾರಸ್ಯ, ಹೊಣೆಗಾರಿಕೆ ಇವು ಮನಸ್ಸನ್ನು ಮೇಲೆತ್ತುತ್ತವೆ. ಸಂಬಳ, ಭದ್ರತೆ, ಮೇಲಧಿಕಾರಿಗಳ ವರ್ತನೆ, ಕಚೇರಿಯ ನಿಯಮ, ಕೂರುವ ಜಾಗ ಇವು ಸರಿಯಿಲ್ಲದಿದ್ದರೆ ಮನಸ್ಸು ಕೆಡುತ್ತದೆ. ಸರಿಯಿದ್ದರೆ ಹೆಚ್ಚೆಂದರೆ ಯಾರೂ ದೂರುವುದಿಲ್ಲ, ಅಷ್ಟೆ.

ಈ ಸಿದ್ಧಾಂತಕ್ಕೆ ಆಕ್ಷೇಪಗಳು ಸಾಕಷ್ಟು ಬಂದಿವೆ. ಎಲ್ಲ ವೃತ್ತಿಗಳಿಗೂ ಅದು ಅಳತೆಗೆ ಸರಿಯಾಗಿ ಕೂರುವುದಿಲ್ಲ. ಆದರೆ ಸಮನ್ವಯ ಶಿಕ್ಷಣದ ಶಿಕ್ಷಕರನ್ನು ನೋಡಿದರೆ ಅದರ ಮುಖ್ಯ ಮಾತು ಹೌದೆನಿಸುತ್ತದೆ. ಅವರ ಒಂದು ಖಾತೆಯಲ್ಲಿ ಜಮೆ ಇದೆ, ಇನ್ನೊಂದರಲ್ಲಿ ಸಾಲ ಬೆಳೆಯುತ್ತಿದೆ. ಈ ಜಮೆಯನ್ನು ಆ ಸಾಲಕ್ಕೆ ವಜಾ ಹಾಕಲು ಬರುವುದಿಲ್ಲ. ನಮ್ಮ ವ್ಯವಸ್ಥೆ ಹಾಗೆ ವಜಾ ಹಾಕಿಕೊಂಡೇ ಬಂದಿದೆ ಎಂಬುದು ಈ ಲೇಖನದ ತಕರಾರು.

ಜಮೆಯ ಬದಿ

ಶಾಲಾ ಶಿಕ್ಷಕರ ಬದುಕನ್ನು ಹತ್ತಿರದಿಂದ ಅಧ್ಯಯನ ಮಾಡಿ 1975ರಲ್ಲಿ ಪುಸ್ತಕ ಬರೆದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ, ಶಿಕ್ಷಕರಿಗೆ ಹೆಚ್ಚಿನ ಸಮಾಧಾನ ಸಿಗುವುದು ತರಗತಿಯೊಳಗೆ, ಮಗು ಕಲಿತ ಆ ಗಳಿಗೆಯಲ್ಲಿ ಎಂದು ಗುರುತಿಸಿದರು. ವಿಶೇಷ ಶಿಕ್ಷಕರ ವಿಷಯದಲ್ಲಿ ಈ ಗಳಿಗೆಗಳು ಅಪರೂಪ. ಅಪರೂಪವಾದ್ದರಿಂದಲೇ ಅವಕ್ಕೆ ಬೆಲೆ ಹೆಚ್ಚು.

ಬೇರೆ ಟೀಚರಿಗೆ ಮಗು ಮಗ್ಗಿ ಒಪ್ಪಿಸಿದರೆ ಅದು ಪಾಠದ ಒಂದು ಭಾಗ. ಇವರ ಮಗು ಆರು ತಿಂಗಳ ಮೇಲೆ ಪೆನ್ಸಿಲನ್ನು ಮೂರು ಬೆರಳಲ್ಲಿ ಹಿಡಿದರೆ, ಶೌಚಕ್ಕೆ ಹೋಗಬೇಕೆಂದು ಸನ್ನೆಯಲ್ಲಿ ಕೇಳಿದರೆ, ಪ್ರಾರ್ಥನೆಯ ಸಾಲಿನಲ್ಲಿ ಕಿವಿ ಮುಚ್ಚಿಕೊಳ್ಳದೆ ನಿಂತರೆ ಅದೊಂದು ಮೈಲಿಗಲ್ಲು. ಬ್ರೈಲ್ ಕಲಿಯುವ ಮಗು ಆರು ಚುಕ್ಕೆಗಳಲ್ಲಿ ಮೊದಲ ಸಲ ತನ್ನ ಹೆಸರನ್ನು ಬೆರಳಿನಿಂದ ಓದಿಕೊಂಡ ದಿನ ಟೀಚರಿಗೆ ಬೇರೆ ಬಹುಮಾನ ಬೇಕಾಗುವುದಿಲ್ಲ. ‘ಇವನಿಗೆ ಏನೂ ಬರಲ್ಲ ಬಿಡಿ ಮೇಡಂ’ ಎನ್ನುತ್ತಿದ್ದ ತಂದೆ, ಮಗ ಅಂಗಡಿಗೆ ಹೋಗಿ ಸರಿಯಾದ ಚಿಲ್ಲರೆ ತಂದ ಸಂಗತಿಯನ್ನು ಫೋನ್ ಮಾಡಿ ಹೇಳುವುದೂ ಈ ಕೆಲಸದಲ್ಲಿ ಉಂಟು.

ಇನ್ನೊಂದು ಖುಷಿ ಕೌಶಲದ್ದು. ಇಪ್ಪತ್ತು ಮಕ್ಕಳಿಗೆ ಒಂದೇ ಪಾಠ ಹೇಳುವುದಕ್ಕೂ ಒಂದು ಮಗುವಿಗೆಂದೇ ವೈಯಕ್ತಿಕ ಶಿಕ್ಷಣ ಯೋಜನೆ ಬರೆಯುವುದಕ್ಕೂ ವ್ಯತ್ಯಾಸವಿದೆ. ಈ ಮಗು ಕೂಡುವ ಲೆಕ್ಕದಲ್ಲಿ ಎಡವುವುದು ಸಂಖ್ಯೆ ತಿಳಿಯದ್ದಕ್ಕೋ, ಅಂಕಿಗಳನ್ನು ತಿರುವಿ ಕಾಣುವುದಕ್ಕೋ, ಪ್ರಶ್ನೆ ಕೇಳಿಸದ್ದಕ್ಕೋ ಎಂದು ಕಂಡುಹಿಡಿಯುವುದು ವೈದ್ಯರ ರೋಗನಿದಾನದಷ್ಟೇ ಸೂಕ್ಷ್ಮವಾದ ಬುದ್ಧಿಯ ಕೆಲಸ. ಅದನ್ನು ಮಾಡಬಲ್ಲೆ ಎಂಬ ಹೆಮ್ಮೆ ಈ ಶಿಕ್ಷಕರಲ್ಲಿ ಇರುತ್ತದೆ, ಇರಲೇಬೇಕು. ಇವರನ್ನು ಕುರಿತು ಆಡುವ ಮಾತಿನಲ್ಲಿ ಕರುಣೆ, ತಾಳ್ಮೆಗಳಿಗೆ ಸಿಗುವಷ್ಟು ಜಾಗ ಈ ಪರಿಣತಿಗೆ ಸಿಗುವುದಿಲ್ಲ ಎಂಬುದು ಬೇರೆ ಮಾತು.

ಸಾಲ ಬೆಳೆಯುವ ಬಗೆ

ಮೊದಲನೆಯದು ಸಮಯ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, 800 ಗಂಟೆ ಪಾಠ ನಡೆಯಬೇಕು. ಒಬ್ಬ ಸಂಚಾರಿ ಶಿಕ್ಷಕರ ಪಾಲಿಗೆ 40 ಶಾಲೆಗಳಿವೆ ಎಂದು ಸುಮ್ಮನೆ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಬೇರೆ ಯಾವ ಕೆಲಸವನ್ನೂ ಮಾಡದೆ ದಿನಕ್ಕೊಂದು ಶಾಲೆಗೆ ಹೋದರೂ ಒಂದು ಶಾಲೆಗೆ ವರ್ಷಕ್ಕೆ ಐದು ಭೇಟಿ. ಭೇಟಿಗೆ ನಾಲ್ಕು ಗಂಟೆ, ಶಾಲೆಯಲ್ಲಿ ಮೂರು ಮಕ್ಕಳು ಎಂದರೆ ಒಂದು ಮಗುವಿಗೆ ಇಡೀ ವರ್ಷದಲ್ಲಿ ಸಿಗುವುದು ಏಳು ಗಂಟೆಗೂ ಕಡಿಮೆ. ಅದೇ 800 ಗಂಟೆಯನ್ನು ಹತ್ತು ಮಕ್ಕಳಿಗೆ ಹಂಚಿದರೆ ತಲೆಗೆ 80 ಗಂಟೆ. ಏಳು ಗಂಟೆಯಲ್ಲಿ ಮಗುವನ್ನು ‘ನೋಡಬಹುದು’, ಕಲಿಸಲಾಗದು. ಮೇಲೆ ಹೇಳಿದ ಮೈಲಿಗಲ್ಲು ದಾಟುವ ಕ್ಷಣದಲ್ಲಿ ಟೀಚರ್ ಬಹುತೇಕ ಬೇರೊಂದು ಊರಿನಲ್ಲಿರುತ್ತಾರೆ. ಕೆಲಸದ ಸಂತೋಷ ಹುಟ್ಟುವ ಜಾಗದಿಂದಲೇ ಅವರನ್ನು ದೂರ ಇಟ್ಟಂತಾಯಿತು.

ಎರಡನೆಯದು, ಕಲಿತದ್ದಕ್ಕೂ ಮಾಡಬೇಕಾದ್ದಕ್ಕೂ ನಡುವಿನ ಅಂತರ. ವಿಶೇಷ ಶಿಕ್ಷಕರಾಗಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಡಿಪ್ಲೊಮಾ ಅಥವಾ ಬಿ.ಇಡಿ. ಬೇಕು. 1992ರ ಕಾಯ್ದೆಯಡಿ ರೂಪುಗೊಂಡ ಈ ಪರಿಷತ್ತಿನ ನೋಂದಣಿ ಪುಸ್ತಕದಲ್ಲಿ ಹೆಸರಿರಬೇಕು. ಈ ತರಬೇತಿಗಳು ಬಹುಪಾಲು ಒಂದೊಂದು ವೈಕಲ್ಯವನ್ನು ಆರಿಸಿಕೊಂಡು ಆಳಕ್ಕೆ ಹೋಗುತ್ತವೆ. 1965ರಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಶ್ರವಣದೋಷದ ಮಕ್ಕಳಿಗೆ ಕಲಿಸುವುದನ್ನು ಓದಿದವರು ಆ ಕ್ಷೇತ್ರದಲ್ಲಿ ಪಳಗಿರುತ್ತಾರೆ. ಆದರೆ ಶಾಲೆ ಅವರ ಮುಂದೆ ಕೂರಿಸುವ ಮಕ್ಕಳು ಹಾಗೆ ವಿಂಗಡಣೆಯಾಗಿ ಬರುವುದಿಲ್ಲ. 1995ರ ಅಂಗವಿಕಲರ ಕಾಯ್ದೆ ಪಟ್ಟಿ ಮಾಡಿದ್ದು ಏಳು ವೈಕಲ್ಯಗಳನ್ನು; 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ್ದು 21. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಥಲಸ್ಸೇಮಿಯಾ, ಕುಡಗೋಲು ಕಣ ರೋಗ ಎಲ್ಲವೂ ಸೇರಿದವು. ಮಕ್ಕಳ ದೃಷ್ಟಿಯಿಂದ ಇದು ದೊಡ್ಡ ಗೆಲುವು. ತಾಲ್ಲೂಕಿನ ಒಬ್ಬ ಟೀಚರ ದೃಷ್ಟಿಯಿಂದ, ಸನ್ನೆಭಾಷೆ ಕಲಿತು ಬಂದವರು ಆಟಿಸಂನ ಮಗುವಿನ ಎದುರು ಪುಸ್ತಕ ತಿರುವುತ್ತಾ ಕೂರಬೇಕಾದ ಸ್ಥಿತಿ. ತನಗೆ ಬಾರದ ಕೆಲಸವನ್ನು ಬರುವವರಂತೆ ಮಾಡುವುದು ದುಡಿಮೆಗಿಂತ ಹೆಚ್ಚು ದಣಿಸುತ್ತದೆ.

ಮೂರನೆಯದು, ಶಾಲೆಯೊಳಗಿನ ಸ್ಥಾನ. ಬಂದ ಕೂಡಲೇ ‘ಮೇಡಂ, ನಿಮ್ಮ ಮಗು ಅಲ್ಲಿದೆ’ ಎಂಬ ಸ್ವಾಗತ. ದಾಖಲಾತಿ ಶಾಲೆಯದು, ಹಾಜರಾತಿ ತರಗತಿಯದು, ಮಗು ಮಾತ್ರ ಸಂಚಾರಿ ಟೀಚರದು. ಕೂರಲು ಕೊಠಡಿ ಇರುವುದಿಲ್ಲ. ವರಾಂಡದಲ್ಲೋ, ಅಕ್ಕಿಮೂಟೆ ಜೋಡಿಸಿಟ್ಟ ಕೋಣೆಯಲ್ಲೋ ಚಾಪೆ ಹಾಸಿಕೊಳ್ಳಬೇಕು. ಸಿಬ್ಬಂದಿ ಸಭೆಗೆ ಕರೆ ಬರುವುದಿಲ್ಲ, ಗುಂಪು ಫೋಟೊದಲ್ಲಿ ಜಾಗ ಇರುವುದಿಲ್ಲ. ಬಿಆರ್‌ಸಿಯಲ್ಲೋ ಅವರು ಯಾವ ಕೆಲಸಕ್ಕೂ ಒದಗುವ ಕೈ. ಇವರಿಗೆ ಕ್ಲಾಸಿಲ್ಲವಲ್ಲ ಎಂಬ ಒಂದೇ ಕಾರಣಕ್ಕೆ ತರಬೇತಿಯ ಊಟದ ಲೆಕ್ಕದಿಂದ ಹಿಡಿದು ಪರೀಕ್ಷಾ ಬಂಡಲುಗಳವರೆಗೆ ಎಲ್ಲವೂ ಇವರ ಟೇಬಲ್ಲಿಗೆ ಬರುತ್ತವೆ.

ನಾಲ್ಕನೆಯದು, ಕೆಲಸವನ್ನು ಅಳೆಯುವ ಬಗೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯದ ಮಗುವೊಂದಕ್ಕೆ ವರ್ಷಕ್ಕೆ 3,500 ರೂಪಾಯಿಯ ಲೆಕ್ಕವಿದೆ. ಎಷ್ಟು ಗಾಲಿಕುರ್ಚಿ ಹಂಚಿದ್ದಾಯಿತು, ಎಷ್ಟು ಶಿಬಿರ ನಡೆಯಿತು, ಎಷ್ಟು ಮಕ್ಕಳಿಗೆ ಭತ್ಯೆ ಸಂದಾಯವಾಯಿತು ಎಂದು ಕೇಳುವ ನಮೂನೆಗಳೂ ಇವೆ. ಇವೆಲ್ಲ ಬೇಕು. ಆದರೆ ಮಗು ಪೆನ್ಸಿಲ್ ಹಿಡಿದದ್ದನ್ನು ಬರೆಯಲು ಯಾವ ನಮೂನೆಯಲ್ಲೂ ಕಾಲಂ ಇಲ್ಲ. ಮೇಲಿನವರಿಗೆ ಕಾಣುವುದು ವಿತರಣೆ, ಟೀಚರಿಗೆ ಮುಖ್ಯವಾದದ್ದು ಕಲಿಕೆ.

ಈ ನಾಲ್ಕೂ ಒಟ್ಟಿಗೆ ಸೇರಿದಾಗ ಏನಾಗುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್ ವಿವರಿಸಿದ್ದಾರೆ. ಜನರೊಡನೆ ಒಡನಾಡುವ ವೃತ್ತಿಗಳಲ್ಲಿ ಬಳಲಿಕೆಯನ್ನು ಅಳೆಯಲು 1981ರಲ್ಲಿ ಅವರು ಸಹೋದ್ಯೋಗಿಯೊಡನೆ ಪ್ರಕಟಿಸಿದ ಮಾಪನ ಮೂರು ಲಕ್ಷಣಗಳನ್ನು ಹುಡುಕುತ್ತದೆ: ಮನಸ್ಸು ಬತ್ತಿಹೋಗುವುದು, ಎದುರಿಗಿರುವವರ ಬಗ್ಗೆ ಜಡವಾಗುವುದು, ನನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವ ಬೇರೂರುವುದು. ಮಕ್ಕಳ ಮೇಲಿನ ಅಕ್ಕರೆಯಿಂದಲೇ ಈ ವೃತ್ತಿಗೆ ಬಂದವರಿಗೆ ಎರಡನೆಯದು ಅತಿ ಕ್ರೂರ. ಹೆಸರು ಹಿಡಿದು ಕರೆಯುತ್ತಿದ್ದ ಮಗು ಪಟ್ಟಿಯ ಒಂದು ಕ್ರಮಸಂಖ್ಯೆಯಾಗಿಬಿಟ್ಟರೆ ಅದರ ನಷ್ಟ ಮಗುವಿಗೂ ಹೌದು, ಟೀಚರಿಗೂ ಹೌದು.

ತರಗತಿ ಶಿಕ್ಷಕರದೂ ಒಂದು ಮಾತು

ಇಷ್ಟು ಹೇಳಿ ತರಗತಿ ಶಿಕ್ಷಕರನ್ನು ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಇಬ್ಬರೇ ಶಿಕ್ಷಕರು ಐದು ತರಗತಿಗಳನ್ನು ತೂಗಿಸುವ ಶಾಲೆಗಳು ನಮ್ಮಲ್ಲಿವೆ. ಹಾಲು, ಮೊಟ್ಟೆ, ಬಿಸಿಯೂಟ, ಆನ್‌ಲೈನ್ ಹಾಜರಾತಿ, ಸಮೀಕ್ಷೆಗಳ ನಡುವೆ ತರಗತಿಯಿಂದ ಪದೇ ಪದೇ ಓಡಿಹೋಗುವ ಒಂದು ಮಗುವನ್ನು ನೋಡಿಕೊಳ್ಳಿ ಎಂದರೆ ಅವರು ಏನು ಮಾಡಬೇಕು? ಅವರ ಡಿ.ಇಡಿ. ತರಬೇತಿಯಲ್ಲಿ ಇದಕ್ಕೆ ಸಿಕ್ಕ ಪಾಠಗಳು ಕೆಲವೇ. ‘ನಿಮ್ಮ ಮಗು’ ಎಂಬ ಮಾತಿನ ಹಿಂದೆ ತಾತ್ಸಾರಕ್ಕಿಂತ ಹೆಚ್ಚಾಗಿ ಇರುವುದು ದಿಕ್ಕುತೋಚದ ಸ್ಥಿತಿ.

ವಿಚಿತ್ರವೆಂದರೆ, ದಾರಿ ನಮ್ಮ ಶಾಲೆಗಳಲ್ಲೇ ಇದೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಚಿಗುರಿದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಐದು ತಟ್ಟೆಗಳ ಸುತ್ತ ಕೂರುತ್ತಾರೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು ಒಂದು ಕಡೆ, ಭಾಗಶಃ ಸಹಾಯ ಸಾಕಾದವರು ಇನ್ನೊಂದು ಕಡೆ, ಗೆಳೆಯರ ನೆರವಿನಿಂದ ಕಲಿಯುವವರು ಮತ್ತೆರಡು ತಟ್ಟೆಗಳಲ್ಲಿ, ತಾವೇ ಕಲಿಯುವವರು ಐದನೆಯದರಲ್ಲಿ. ಪ್ರತಿ ಮಗುವೂ ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಒಂದು ಮಗು ಒಂದೇ ಮೆಟ್ಟಿಲಲ್ಲಿ ಹೆಚ್ಚು ದಿನ ನಿಂತರೆ ಇಲ್ಲಿ ಅದು ಅವಮಾನವಲ್ಲ. ಸಮನ್ವಯ ಶಿಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ತಳಹದಿ ಬೇಕೇ? ಮೊದಲ ತಟ್ಟೆಯ ಪಕ್ಕದಲ್ಲಿ ವಿಶೇಷ ಶಿಕ್ಷಕರೂ ಕೂತರೆ ಇಬ್ಬರಿಗೂ ಹೊರೆ ಇಳಿಯುತ್ತದೆ. ಮಗುವನ್ನು ವರಾಂಡಕ್ಕೆ ಕರೆದೊಯ್ದು ಪ್ರತ್ಯೇಕ ಪಾಠ ಹೇಳುವುದು ಕೆಲವು ಸಲ ಅನಿವಾರ್ಯ. ಯಾವಾಗಲೂ ಅದೇ ಆದರೆ ಸಾಮಾನ್ಯ ಶಾಲೆಯೊಳಗೇ ಒಂದು ಪುಟ್ಟ ಪ್ರತ್ಯೇಕ ಶಾಲೆ ಕಟ್ಟಿದಂತೆ.

ಕೋರ್ಟು ಹೇಳಿದ್ದು

ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸುವ ಕೇಂದ್ರದ ಯೋಜನೆ 1974ರಲ್ಲೇ ಶುರುವಾಗಿತ್ತು. ಸರ್ವ ಶಿಕ್ಷಣ ಅಭಿಯಾನ ಬಂತು, ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಲ್ಲಿ ಜಾರಿಯಾಯಿತು, 2018ರಲ್ಲಿ ಈ ಯೋಜನೆಗಳು ಸಮಗ್ರ ಶಿಕ್ಷಣದ ಅಡಿ ಸೇರಿದವು. ಮಕ್ಕಳ ಹಕ್ಕು ಹೀಗೆ ಹಂತಹಂತವಾಗಿ ಗಟ್ಟಿಯಾಯಿತು. ಕಲಿಸುವವರ ಹುದ್ದೆ ಮಾತ್ರ ಯೋಜನೆಯಿಂದ ಯೋಜನೆಗೆ ತೇಲುತ್ತಾ ಬಂತು. ಅನೇಕ ರಾಜ್ಯಗಳಲ್ಲಿ ಅದು ಗುತ್ತಿಗೆ ಕೆಲಸ, ವರ್ಷ ವರ್ಷವೂ ನವೀಕರಣದ ಚಿಂತೆ. ಕರ್ನಾಟಕದಲ್ಲಿ ಸೇವೆಯಲ್ಲಿದ್ದ ಸರ್ಕಾರಿ ಶಿಕ್ಷಕರಲ್ಲೇ ಅನೇಕರು ತರಬೇತಿ ಪಡೆದು ಬಿಆರ್‌ಸಿಗೆ ಬಂದರು. ಸಂಬಳದ ಭದ್ರತೆ ಅವರಿಗಿದೆ. ಆದರೆ ಒಂದು ಶಾಲೆಗೆ ಸೇರಿದವರೆಂಬ ಭಾವ ಅವರಿಗೂ ದೂರ.

ಖಾಸಗಿ ಶಾಲೆಗಳ ಕತೆ ಬೇರೆ. ಸಿಬಿಎಸ್‌ಇ ತನ್ನ ಶಾಲೆಗಳಿಗೆ ವಿಶೇಷ ಶಿಕ್ಷಕರನ್ನು ನೇಮಿಸುವಂತೆ 2015ರಲ್ಲೇ ಸೂಚಿಸಿತು. ನಗರಗಳಲ್ಲಿ ಮಗುವಿನ ಪಕ್ಕದಲ್ಲಿ ಕೂರುವ ‘ಶ್ಯಾಡೋ ಟೀಚರ್’ಗಳೂ ಬಂದರು. ಅವರ ಸಂಬಳವನ್ನು ಹಲವು ಕಡೆ ಪೋಷಕರೇ ತೆರುತ್ತಾರೆ. ಶಾಲೆಯೊಳಗೆ ದಿನವಿಡೀ ದುಡಿದರೂ ಶಾಲೆಯ ಸಿಬ್ಬಂದಿಯಲ್ಲದ ಸ್ಥಿತಿ ಅದು.

ಕೊನೆಗೆ ವಿಶೇಷ ಶಿಕ್ಷಕರೇ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ಬಂದ ತೀರ್ಪು, ಈ ಮಕ್ಕಳಿಗೆ ಎಷ್ಟು ಶಿಕ್ಷಕರಿರಬೇಕೆಂಬ ಮಾನದಂಡವನ್ನು ಪ್ರಕಟಿಸಲು ಕೇಂದ್ರಕ್ಕೆ ಹೇಳಿತು. ಅಲ್ಲಿಯವರೆಗೆ ತಾತ್ಕಾಲಿಕವಾಗಿ ಸೆರೆಬ್ರಲ್ ಪಾಲ್ಸಿ ಇರುವ ಎಂಟು ಮಕ್ಕಳಿಗೆ ಒಬ್ಬರು; ಬೌದ್ಧಿಕ ವೈಕಲ್ಯ, ಆಟಿಸಂ, ಕಲಿಕಾ ನ್ಯೂನತೆ ಇದ್ದರೆ ಐದು ಮಕ್ಕಳಿಗೆ ಒಬ್ಬರು; ಶ್ರವಣ, ದೃಷ್ಟಿ ಎರಡೂ ಇಲ್ಲದ ಮಕ್ಕಳಿದ್ದರೆ ಇಬ್ಬರಿಗೆ ಒಬ್ಬರು ಎಂದು ಸೂಚಿಸಿತು. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತಿದ್ದಿ, ಸಾಮಾನ್ಯ ಶಾಲೆಗಳಿಗೆ ಕಿರಿಯ ಪ್ರಾಥಮಿಕದಲ್ಲಿ ಹತ್ತು ಮಕ್ಕಳಿಗೆ ಒಬ್ಬ, ಹಿರಿಯ ಪ್ರಾಥಮಿಕದಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ನಿಗದಿ ಮಾಡಿತು. ಬಹುತೇಕ ರಾಜ್ಯಗಳಲ್ಲಿ ನೇಮಕಾತಿ ಮಾತ್ರ ನಡೆಯಲಿಲ್ಲ. 2025ರ ಮಾರ್ಚ್ 7ರಂದು ಕೋರ್ಟು ಮತ್ತೆ ಮಧ್ಯೆ ಬಂದು, ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸುವಂತೆ ಎಲ್ಲ ರಾಜ್ಯಗಳಿಗೂ ಗಡುವು ಕೊಟ್ಟಿತು. ವರ್ಷಗಟ್ಟಲೆ ಗುತ್ತಿಗೆಯಲ್ಲಿ ದುಡಿದ ಅರ್ಹರನ್ನು ಪರಿಶೀಲನಾ ಸಮಿತಿಯ ಮೂಲಕ ಕಾಯಂ ವೇತನಶ್ರೇಣಿಗೆ ತರಲು ದಾರಿಯನ್ನೂ ತೋರಿತು.

ಈ ಅಂಕಿಗಳನ್ನು ಬರೀ ಮಕ್ಕಳ ಹಕ್ಕಿನ ಲೆಕ್ಕವಾಗಿ ಓದಿದರೆ ಅರ್ಧ ಮಾತ್ರ ಓದಿದಂತೆ. ಹತ್ತಕ್ಕೆ ಒಬ್ಬರು ಎಂಬ ನಿಯಮ ಶಿಕ್ಷಕರನ್ನು ಬಸ್ಸಿನಿಂದ ಇಳಿಸಿ ಶಾಲೆಯಲ್ಲಿ ನಿಲ್ಲಿಸುತ್ತದೆ. ತಾನು ಬಿತ್ತಿದ್ದು ಮೊಳೆಯುವುದನ್ನು ತಾನೇ ನೋಡುವ ಅವಕಾಶ ಅವರಿಗೆ ಸಿಗುತ್ತದೆ.

ಆಗಬೇಕಾದ್ದು ಏನು?

ಹಣ ಬೇಡುವ ಕೆಲಸಗಳೂ ಇವೆ, ಬೇಡದವೂ ಇವೆ. ಹುದ್ದೆಗಳ ಮಂಜೂರಾತಿಗೆ ಹಣ ಬೇಕು, ಅದು ಸರ್ಕಾರದ ಹೊಣೆ. ಮಕ್ಕಳು ಚದುರಿರುವ ಹಳ್ಳಿಗಳಲ್ಲಿ ಒಂದು ಶಾಲೆಗೆ ಹತ್ತು ಮಕ್ಕಳು ಸಿಗದಿದ್ದರೆ, ಒಂದು ಕ್ಲಸ್ಟರಿನ ಎರಡು ಮೂರು ಶಾಲೆಗಳಿಗೆ ಒಬ್ಬ ಕಾಯಂ ಶಿಕ್ಷಕರನ್ನು ಹಂಚಬಹುದು. ಅವರ ಹೆಸರು ಒಂದು ಶಾಲೆಯ ಹಾಜರಾತಿ ಪುಸ್ತಕದಲ್ಲಿ ಇರಲೇಬೇಕು. ತಮ್ಮ ತರಬೇತಿಯ ಆಚೆಗಿನ ವೈಕಲ್ಯಗಳ ಬಗ್ಗೆ ಅವರಿಗೆ ಅಲ್ಪಾವಧಿಯ ಮರುತರಬೇತಿ ಬೇಕು, ಅನುಮಾನ ಬಂದಾಗ ಕೇಳಲು ಜಿಲ್ಲೆಯಲ್ಲೊಬ್ಬ ತಜ್ಞರೂ ಬೇಕು.

ಹಣ ಬೇಡದ ಕೆಲಸಗಳು ಶಾಲೆಯೊಳಗೇ ಇವೆ. ವೇಳಾಪಟ್ಟಿಯಲ್ಲಿ ವಿಶೇಷ ಶಿಕ್ಷಕರ ಹೆಸರು ಬರೆಯುವುದು, ಒಂದು ಬೆಳಕಿರುವ ಮೂಲೆ ಬಿಟ್ಟುಕೊಡುವುದು, ಸಿಬ್ಬಂದಿ ಸಭೆಗೆ ಕರೆಯುವುದು, ವಾರಕ್ಕೊಮ್ಮೆ ತರಗತಿ ಶಿಕ್ಷಕರೂ ಅವರೂ ಅರ್ಧ ಗಂಟೆ ಕೂತು ಮಗುವಿನ ಯೋಜನೆ ನೋಡುವುದು, ಎಸ್‌ಡಿಎಂಸಿ ಸಭೆಯಲ್ಲಿ ಆ ಮಗುವಿನ ಪ್ರಗತಿಯನ್ನೂ ಓದುವುದು. ಬಿಇಒ ಕಚೇರಿ ಮಾಡಬಹುದಾದ್ದು ಇನ್ನೂ ಸುಲಭ: ಇವರನ್ನು ಬೇರೆ ಕೆಲಸಗಳಿಗೆ ಕರೆಯದಿರುವುದು.

ಕೊನೆಯದಾಗಿ ಪೋಷಕರಿಗೂ ನೆರೆಹೊರೆಯವರಿಗೂ ಒಂದು ಮಾತು. ಈ ಶಿಕ್ಷಕರು ಎದುರಾದಾಗ ‘ನಿಮ್ಮದು ದೇವರು ಮೆಚ್ಚುವ ಕೆಲಸ’ ಎಂದು ಕೈಮುಗಿಯುವುದು ನಮಗೆಲ್ಲ ರೂಢಿ. ಆ ಗೌರವ ಸುಳ್ಳಲ್ಲ, ಆದರೆ ಅಲ್ಲಿಗೇ ನಮ್ಮ ಹೊಣೆ ತೀರಿತೆಂದು ತಿಳಿಯಬಾರದು. ಅವರು ಮಾಡುತ್ತಿರುವುದು ಕಲಿತು ಮಾಡಬೇಕಾದ ವೃತ್ತಿ. ವೃತ್ತಿಗೆ ಹುದ್ದೆ, ಸಮಯ, ಜಾಗ, ಜೊತೆಗಾರರು ಬೇಕು. ನಿಮ್ಮ ಊರಿನ ಶಾಲೆಯ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ನಮ್ಮ ಶಾಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳು ಎಷ್ಟು ಜನ ಇದ್ದಾರೆ? ಅವರ ಟೀಚರ್ ತಿಂಗಳಿಗೆ ಎಷ್ಟು ದಿನ ಬರುತ್ತಾರೆ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಪ್ರತಿಯನ್ನು ಬಿಇಒ ಕಚೇರಿಗೆ ಕಳಿಸಿ. ಹುದ್ದೆ ಕೇಳುವ ದನಿ ಶಿಕ್ಷಕರದೊಂದೇ ಆಗಿರುವವರೆಗೆ ಅದನ್ನು ನೌಕರರ ಬೇಡಿಕೆ ಎಂದು ಬದಿಗಿಡುವುದು ಸುಲಭ. ಊರೇ ಕೇಳಿದರೆ ಅಷ್ಟು ಸುಲಭವಲ್ಲ.